ಉಪ್ಪುಬಯಲಿನ ವೇಗದ ಓಟಕ್ಕೆ ಹಳೆಯ ಪಿಕಪ್: ಎಂಜಿನ್ ಕೊನೆಯ ಸರದಿಯಲ್ಲಿರಲಿ

ಹಳೆಯ ಪಿಕಪ್ ಒಂದನ್ನು ಕೊಂಡು, ಎರಡು ಮೂರು ವರ್ಷ ದುಡಿದು, ಉಳಿತಾಯದ ಬಹುಪಾಲನ್ನು ಎಂಜಿನ್ನಿಗೆ ಸುರಿದು, ಕೊನೆಗೆ ನೇರ ಓಟದ ವೇಗದಾಖಲೆಗಳಿಗೆ ಹೆಸರಾದ, ಅಮೆರಿಕದ ಯೂಟಾ ರಾಜ್ಯದ ಬಾನವಿಲ್ ಉಪ್ಪುಬಯಲಿನಲ್ಲಿ ತಾಂತ್ರಿಕ ತಪಾಸಣೆಯ ಸಾಲಿನಿಂದಲೇ ಮನೆಗೆ ಹಿಂದಿರುಗುವವರು ಇದ್ದಾರೆ. ಅವರಲ್ಲಿ ಹೆಚ್ಚಿನವರ ಎಂಜಿನ್ನಿನಲ್ಲಿ ದೋಷವಿರುವುದಿಲ್ಲ. ಕೆಲಸಗಳ ಕ್ರಮದಲ್ಲಿ ದೋಷವಿರುತ್ತದೆ. ಮೊದಲು ಎಂಜಿನ್, ಆಮೇಲೆ ಗೇರ್‌ಬಾಕ್ಸ್, ಸಮಯ ಉಳಿದರೆ ರಕ್ಷಣಾ ಪಂಜರ (ಗಾಡಿ ಉರುಳಿದಾಗ ಚಾಲಕನನ್ನು ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟು) ಎಂಬ ಕ್ರಮದಲ್ಲಿ ಕಟ್ಟಿದ ಗಾಡಿಯಲ್ಲಿ ಪಂಜರದ ಕೊಳವೆ ಹೋಗಬೇಕಾದ ಜಾಗದಲ್ಲಿ ಇನ್ನೇನೋ ಕುಳಿತಿರುತ್ತದೆ. ಈ ಮಾರ್ಗದರ್ಶಿ ಅದನ್ನು ತಿರುವುಹಾಕಿ, ಚಾಲಕನ ಆಸನದಿಂದ ಹೊರಕ್ಕೆ ಕಟ್ಟುತ್ತಾ ಹೋಗುತ್ತದೆ.

ಉದಾಹರಣೆಗಾಗಿ 1947ರಿಂದ 1955ರ ಆರಂಭದವರೆಗೆ ತಯಾರಾದ ಶೆವ್ರೊಲೆ 3100 ಮಾದರಿಯ ಅರ್ಧ ಟನ್ ಪಿಕಪ್ ಅನ್ನು ಇಟ್ಟುಕೊಂಡಿದ್ದೇನೆ. ಗಂಟೆಗೆ 130 ಮೈಲಿ, ಅಂದರೆ ಸುಮಾರು 209 ಕಿಲೋಮೀಟರ್ ವೇಗವನ್ನು ಮೊದಲ ಗುರಿ ಎಂದು ಭಾವಿಸೋಣ. ಎಪ್ಪತ್ತು ವರ್ಷ ಹಳೆಯದಾದ, ಗಾಳಿಗೆ ಗೋಡೆಯಂತೆ ಎದೆಯೊಡ್ಡುವ ವಾಹನಕ್ಕೆ ಇದು ಸಣ್ಣ ಗುರಿಯಲ್ಲ.

1. ನಿಯಮಪುಸ್ತಕ ಮತ್ತು ವರ್ಗದ ಆಯ್ಕೆ

ಬಾನವಿಲ್‌ನಲ್ಲಿ ಆಗಸ್ಟ್ ತಿಂಗಳಿನಲ್ಲಿ ನಡೆಯುವ ಸ್ಪೀಡ್ ವೀಕ್ ಮತ್ತು ಕ್ಯಾಲಿಫೋರ್ನಿಯಾದ ಎಲ್ ಮಿರಾಜ್ ಒಣಕೆರೆಯ ಓಟಗಳು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ನಿನ ನಿಯಮಗಳ ಪ್ರಕಾರ ನಡೆಯುತ್ತವೆ. ಗಾಡಿ ಕೊಳ್ಳುವುದಕ್ಕೂ ಮೊದಲು ಆ ವರ್ಷದ ನಿಯಮಪುಸ್ತಕವನ್ನು ಕೊಂಡು, ಸುರಕ್ಷತೆಯ ಅಧ್ಯಾಯವನ್ನು ಎರಡು ಬಾರಿ ಓದಬೇಕು. ಹಳೆಯ ಆವೃತ್ತಿಯನ್ನು ಸ್ನೇಹಿತರಿಂದ ಎರವಲು ಪಡೆದು ಕೆಲಸ ಆರಂಭಿಸುವುದು ಸಾಮಾನ್ಯ ತಪ್ಪುಗಳಲ್ಲಿ ಮೊದಲನೆಯದು, ಏಕೆಂದರೆ ನಿಯಮಗಳು ಪರಿಷ್ಕರಣೆಯಾಗುತ್ತಲೇ ಇರುತ್ತವೆ.

ವರ್ಗವು ಎರಡು ಸಂಗತಿಗಳಿಂದ ನಿರ್ಧಾರವಾಗುತ್ತದೆ: ಎಂಜಿನ್ನಿನ ಗಾತ್ರ ಮತ್ತು ಬಾಡಿಯಲ್ಲಿ ಮಾಡಿಕೊಂಡಿರುವ ಬದಲಾವಣೆ. 306ರಿಂದ 372.99 ಘನ ಇಂಚಿನ ಎಂಜಿನ್ ಸಿ ಗುಂಪಿಗೂ, 261ರಿಂದ 305.99 ಘನ ಇಂಚಿನದು ಡಿ ಗುಂಪಿಗೂ ಸೇರುತ್ತದೆ. ಹಳೆಯ ಎಂಜಿನ್‌ಗಳಿಗೆಂದೇ ಬೇರೆ ಗುಂಪುಗಳಿವೆ. ಫೋರ್ಡ್ ಮತ್ತು ಮರ್ಕ್ಯುರಿಯ ಫ್ಲಾಟ್‌ಹೆಡ್ (ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ) ವಿ-8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಎಕ್ಸ್ಎಫ್ ಗುಂಪಿನಲ್ಲಿಯೂ, ಹಳೆಯ ಓವರ್‌ಹೆಡ್ ವಾಲ್ವಿನ (ವಾಲ್ವುಗಳು ಸಿಲಿಂಡರಿನ ಮೇಲಿರುವ) ಆರು ಸಿಲಿಂಡರ್ ಎಂಜಿನ್‌ಗಳು ಎಕ್ಸ್ಒ ಗುಂಪಿನಲ್ಲಿಯೂ ಓಡುತ್ತವೆ. ಬಾಡಿಯ ವಿಷಯದಲ್ಲಿ, ಕಾರ್ಖಾನೆಯಿಂದ ಬಂದ ರೂಪವನ್ನು ಉಳಿಸಿಕೊಂಡ ಪಿಕಪ್‌ಗಳಿಗೂ ಮಾರ್ಪಡಿಸಿದ ಪಿಕಪ್‌ಗಳಿಗೂ ಪ್ರತ್ಯೇಕ ವರ್ಗಗಳಿವೆ. ಕ್ಯಾಬಿನ್ನಿನ ಚಾವಣಿ ತಗ್ಗಿಸುವುದು, ಹಿಂದಿನ ತೊಟ್ಟಿಗೆ ಮುಚ್ಚಳ ಹಾಕುವುದು, ತಳಕ್ಕೆ ತಗಡು ಹೊದಿಸುವುದು, ಇವುಗಳಲ್ಲಿ ಯಾವುದಕ್ಕೆ ನಿಮ್ಮ ವರ್ಗದಲ್ಲಿ ಅನುಮತಿಯಿದೆ ಎಂಬುದನ್ನು ಲೋಹಕ್ಕೆ ಗರಗಸ ತಾಗಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಒಮ್ಮೆ ಕತ್ತರಿಸಿದ ಚಾವಣಿ ಮತ್ತೆ ಬೆಳೆಯುವುದಿಲ್ಲ.

ಆಯ್ದ ವರ್ಗದ ಈಗಿನ ದಾಖಲೆ ಎಷ್ಟೆಂದು ನೋಡುವುದೂ ಈ ಹಂತದ ಕೆಲಸವೇ, ಏಕೆಂದರೆ ಗಾಡಿಯನ್ನು ನಿಧಾನಿಸುವ ಪ್ಯಾರಾಚೂಟಿನಂತಹ ಕೆಲವು ಸುರಕ್ಷತಾ ಸಾಧನಗಳು ಕಡ್ಡಾಯವೋ ಅಲ್ಲವೋ ಎಂಬುದು ವೇಗವನ್ನು ಅವಲಂಬಿಸಿರುತ್ತದೆ.

2. ಬೇಕಾಗುವ ಸಲಕರಣೆ

ಸಾಮಾನ್ಯ ಗ್ಯಾರೇಜಿನ ಸ್ಪ್ಯಾನರ್ ಪೆಟ್ಟಿಗೆಯ ಜೊತೆಗೆ ಒಳ್ಳೆಯ ವೆಲ್ಡಿಂಗ್ ಯಂತ್ರ, ಕೊಳವೆಯನ್ನು ಸುಕ್ಕಾಗದಂತೆ ಬಗ್ಗಿಸುವ ಬೆಂಡರ್, ಟಾರ್ಕ್ ರೆಂಚ್, ಡಯಲ್ ಗೇಜ್, ಕೋನ ಅಳೆಯುವ ಮಾಪಕ ಮತ್ತು ನಾಲ್ಕೂ ಚಕ್ರಗಳ ಭಾರವನ್ನು ಬೇರೆಬೇರೆಯಾಗಿ ತೋರಿಸುವ ತಕ್ಕಡಿಗಳು ಬೇಕು. ತಕ್ಕಡಿಗಳು ದುಬಾರಿ ಎಂದು ಹಲವರು ಬಿಟ್ಟುಬಿಡುತ್ತಾರೆ. ಕೊಳ್ಳಲಾಗದಿದ್ದರೆ ಎರಡು ದಿನಕ್ಕೆ ಬಾಡಿಗೆಗೆ ತರಬಹುದು, ಆದರೆ ಅವಿಲ್ಲದೆ ಏಳನೆಯ ಹಂತವನ್ನು ಮಾಡಲಾಗದು. ವೆಲ್ಡಿಂಗಿನಲ್ಲಿ ಕೈ ಪಳಗದವರು ಪಂಜರವನ್ನು ಅನುಭವಿಗಳಿಂದ ಮಾಡಿಸುವುದೇ ಸರಿ. ಕಲಿಯಲು ಬಂಪರ್ ಇದೆ, ಪಂಜರ ಬೇಡ.

3. ಚಾಸಿಸ್ ಬಿಚ್ಚಿ ಅಳೆಯುವುದು

ಕ್ಯಾಬಿನ್, ತೊಟ್ಟಿ, ಎಂಜಿನ್ ಎಲ್ಲವನ್ನೂ ಇಳಿಸಿ ಚಾಸಿಸ್ಸನ್ನು ಸಮತಟ್ಟಾದ ನೆಲದ ಮೇಲೆ ಸ್ಟ್ಯಾಂಡುಗಳಲ್ಲಿ ನಿಲ್ಲಿಸಬೇಕು. ತೂಗುಗುಂಡನ್ನು ಇಳಿಬಿಟ್ಟು, ಸ್ಪ್ರಿಂಗ್ ಹಿಡಿಕೆಗಳ ಬಿಂದುಗಳನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಚಾಸಿಸ್ ವಜ್ರಾಕೃತಿಗೆ ಸೊಟ್ಟಗಾಗಿದೆ ಎಂದರ್ಥ, ಮತ್ತು ಅದನ್ನು ನೇರಗೊಳಿಸದೆ ಮುಂದುವರಿದರೆ ಮುಂದೆ ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಗಾಡಿ ಒಂದು ಪಕ್ಕಕ್ಕೆ ನಡೆಯುತ್ತದೆ.

ದಶಕಗಳ ಕಾಲ ಹುಲ್ಲು, ಮರ, ಇಟ್ಟಿಗೆ ಹೊತ್ತ ಗಾಡಿಗಳಲ್ಲಿ ಅಡ್ಡಪಟ್ಟಿಗಳ ರಿವೆಟ್‌ಗಳು ಸಡಿಲವಾಗಿರುತ್ತವೆ. ರಿವೆಟ್ಟಿನ ತಲೆಯ ಸುತ್ತ ಕೆಂಪು ತುಕ್ಕಿನ ಗೆರೆ ಕಣ್ಣೀರಿನಂತೆ ಇಳಿದಿದ್ದರೆ ಅಲ್ಲಿ ಚಲನೆ ಇದೆ. ಅಂಥವನ್ನು ಕೊರೆದು ತೆಗೆದು ಉತ್ತಮ ದರ್ಜೆಯ ಬೋಲ್ಟ್ ಹಾಕಬೇಕು.

4. ಆಸನ ಮತ್ತು ರಕ್ಷಣಾ ಪಂಜರ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಬೇಡುವ ಹಂತವಿದು. ಕ್ಯಾಬಿನ್ನನ್ನು ಮತ್ತೆ ಚಾಸಿಸ್ಸಿನ ಮೇಲೆ ಕೂರಿಸಿ, ತಲೆಯ ಎರಡೂ ಬದಿಗೆ ಆಸರೆಯಿರುವ ಲೋಹದ ರೇಸಿಂಗ್ ಆಸನವನ್ನು ತಾತ್ಕಾಲಿಕವಾಗಿ ಇರಿಸಿ, ಚಾಲಕನು ಬೆಂಕಿನಿರೋಧಕ ಉಡುಪು, ಹೆಲ್ಮೆಟ್ ಮತ್ತು ಕತ್ತಿನ ರಕ್ಷಾಸಾಧನವನ್ನು ಪೂರ್ತಿಯಾಗಿ ತೊಟ್ಟು ಅದರಲ್ಲಿ ಕುಳಿತ ಮೇಲೆಯೇ ಅಳತೆ ತೆಗೆಯಬೇಕು. ಬನಿಯನ್ ತೊಟ್ಟು ಕುಳಿತು ಅಳೆದವರ ಹೆಲ್ಮೆಟ್ಟು ಓಟದ ದಿನ ಚಾವಣಿಯ ಕೊಳವೆಗೆ ತಾಗುತ್ತದೆ.

ಪಂಜರಕ್ಕೆ ಬಳಸುವ ಉಕ್ಕಿನ ಕೊಳವೆಗೆ 1.625 ಇಂಚು ಹೊರವ್ಯಾಸ ಮತ್ತು 0.120 ಇಂಚು ಗೋಡೆಯ ದಪ್ಪ ಇರಬೇಕು. ಸರ್ಕ್ಯೂಟ್ ರೇಸಿನ ಕಾರಿಗಾಗಿ ಸಿದ್ಧಪಡಿಸಿದ, ಇದಕ್ಕಿಂತ ತೆಳುವಾದ ಕೊಳವೆಯ ಪಂಜರವನ್ನು ಅಗ್ಗವಾಗಿ ಸಿಕ್ಕಿತೆಂದು ತಂದು ಕೂರಿಸಿದವರು ತಪಾಸಣೆಯಲ್ಲಿ ಸೋಲುತ್ತಾರೆ.

ಪಿಕಪ್‌ಗೆ ಮಾತ್ರ ಸಂಬಂಧಿಸಿದ ಒಂದು ತೊಡಕು ಇಲ್ಲಿದೆ. ಕ್ಯಾಬಿನ್ ಚಾಸಿಸ್ಸಿಗೆ ಬೆಸುಗೆಯಾಗಿರುವುದಿಲ್ಲ, ರಬ್ಬರ್ ಮೌಂಟುಗಳ ಮೇಲೆ ಕುಳಿತಿರುತ್ತದೆ. ಆದ್ದರಿಂದ ಪಂಜರದ ಕಾಲುಗಳನ್ನು ಕ್ಯಾಬಿನ್ನಿನ ತೆಳು ತಗಡಿನ ನೆಲಕ್ಕೆ ಬೆಸೆದರೆ, ಗಾಡಿ ಉರುಳಿದಾಗ ಚಾಸಿಸ್ ಒಂದು ಕಡೆ, ಪಂಜರ ಒಂದು ಕಡೆ ಆಗುವ ಅಪಾಯವಿದೆ. ಕಾಲುಗಳು ನೆಲದ ತಗಡನ್ನು ತೂರಿಕೊಂಡು ಚಾಸಿಸ್ಸಿಗೇ ದಪ್ಪ ಉಕ್ಕಿನ ಫಲಕಗಳ ಮೂಲಕ ಸೇರಬೇಕು. ಆಸನ ಮತ್ತು ಸೀಟ್‌ಬೆಲ್ಟ್‌ಗಳ ಹಿಡಿಕೆಗಳೂ ಪಂಜರಕ್ಕೋ ಚಾಸಿಸ್ಸಿಗೋ ಕಟ್ಟಿರಬೇಕೇ ಹೊರತು ತಗಡಿಗಲ್ಲ. ಭುಜದ ಬೆಲ್ಟುಗಳು ಭುಜದ ಮಟ್ಟದಿಂದ ತೀರಾ ಕೆಳಗಿನಿಂದ ಬಂದರೆ ಅಪಘಾತದಲ್ಲಿ ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತವೆ.

ಬೆಸುಗೆ ಪೂರ್ತಿಯಾಗುವ ಮೊದಲು, ಬರೀ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿದ ಸ್ಥಿತಿಯಲ್ಲಿಯೇ ಛಾಯಾಚಿತ್ರ ತೆಗೆದು ತಪಾಸಣಾ ಸಮಿತಿಯವರ ಅಭಿಪ್ರಾಯ ಕೇಳುವುದು ಒಳ್ಳೆಯದು. ಆಗ ಒಂದು ಕೊಳವೆಯನ್ನು ಸರಿಸಲು ಅರ್ಧ ಗಂಟೆ ಸಾಕು. ಬಣ್ಣ ಬಳಿದ ಮೇಲೆ ಒಂದು ವಾರ ಬೇಕು.

5. ಸ್ಟೀರಿಂಗ್, ಮುಂದಿನ ಆಕ್ಸಲ್, ಬ್ರೇಕ್

ಈ ಗಾಡಿಯ ಮುಂಭಾಗದಲ್ಲಿ ಲೀಫ್ ಸ್ಪ್ರಿಂಗ್ ಮೇಲೆ ಕುಳಿತ ಒಂದೇ ತುಂಡಿನ ಆಕ್ಸಲ್ ಇದೆ. ಅದನ್ನು ಎಸೆದು ಆಧುನಿಕ ಸಸ್ಪೆನ್ಷನ್ ಹಾಕಬೇಕೆಂಬ ಆಸೆ ಬರುವುದು ಸಹಜವಾದರೂ, ನೇರ ಓಟಕ್ಕೆ ಹಳೆಯ ಆಕ್ಸಲ್ಲೇ ಸಾಕು ಎಂಬುದು ನನ್ನ ಅಭಿಪ್ರಾಯ. ಉಪ್ಪಿನ ಮೇಲೆ ತಿರುವುಗಳಿಲ್ಲ. ಕಿಂಗ್‌ಪಿನ್, ಬುಷ್, ಟೈ ರಾಡ್ ಎಂಡ್‌ಗಳನ್ನು ಹೊಸದಾಗಿ ಹಾಕಿ, ಸ್ಟೀರಿಂಗ್ ಬಾಕ್ಸಿನ ಸಡಿಲ ತೆಗೆದು, ಆಕ್ಸಲ್ ಮತ್ತು ಸ್ಪ್ರಿಂಗ್‌ಗಳ ನಡುವೆ ಓರೆಯಾದ ಶಿಮ್ (ತೆಳು ಬೆಣೆ) ಇಟ್ಟು ಕ್ಯಾಸ್ಟರ್ ಕೋನವನ್ನು, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನವನ್ನು, ಏಳೆಂಟು ಡಿಗ್ರಿಗೆ ಹೆಚ್ಚಿಸಿದರೆ, ಚಕ್ರಗಳು ತಾವಾಗಿಯೇ ನೇರಕ್ಕೆ ಮರಳುವ ಗುಣ ಪಡೆಯುತ್ತವೆ. ಎಡಬಲಗಳ ಕ್ಯಾಸ್ಟರ್ ಒಂದೇ ಇರಬೇಕು.

ಚಕ್ರದ ನಟ್ಟುಗಳು ಸ್ಟಡ್ಡಿನ ಮೇಲೆ ಪೂರ್ತಿ ಎಳೆ ಹಿಡಿದಿರಬೇಕು, ಅಲಂಕಾರದ ಹಬ್‌ಕ್ಯಾಪ್ ಇರಕೂಡದು, ವಾಲ್ವುಗಳು ಮತ್ತು ಅವುಗಳ ಮುಚ್ಚಳಗಳು ಲೋಹದವೇ ಆಗಿರಬೇಕು. ರಬ್ಬರಿನ ವಾಲ್ವ್ ಕಾಂಡವು ವೇಗದಲ್ಲಿ ಹೊರಕ್ಕೆ ಬಾಗಿ ಗಾಳಿ ಬಿಡಬಲ್ಲದು. ಟೈರ್ ನಿಮ್ಮ ಗುರಿಯ ವೇಗಕ್ಕಿಂತ ಮೇಲಿನ ದರ್ಜೆಯದಾಗಿರಬೇಕು. ಶೆಡ್ಡಿನಲ್ಲಿ ಹತ್ತು ವರ್ಷ ಬಿದ್ದಿದ್ದ ಟೈರಿನ ಗುಂಡಿಗಳು ಹೊಸದರಂತೆ ಕಂಡರೂ ರಬ್ಬರ್ ಸತ್ತಿರುತ್ತದೆ.

ಬ್ರೇಕಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮುಂದೆ ಮೈಲಿಗಟ್ಟಲೆ ಜಾಗ ಇರುತ್ತದೆ. ಸಮನಾಗಿ ಹಿಡಿಯುವ ಆರೋಗ್ಯವಂತ ಡ್ರಮ್ ಬ್ರೇಕು ಸಾಕು, ಆದರೆ ಒಂದು ಚಕ್ರ ಮೊದಲು ಹಿಡಿಯುವ ಬ್ರೇಕು ಇಲ್ಲದಿರುವುದಕ್ಕಿಂತ ಕೆಟ್ಟದ್ದು.

6. ಹಿಂದಿನ ಆಕ್ಸಲ್ ಮತ್ತು ಗೇರ್ ಅನುಪಾತ

ಕಾರ್ಖಾನೆಯಿಂದ ಬಂದ ಕ್ರೌನ್-ಪಿನಿಯನ್ ಅನುಪಾತ, ಅಂದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂಬ ಅಂಕಿ, 4.11. ಅದು ಸಾಮಾನು ಹೊರುವುದಕ್ಕೆ ಸರಿ, ವೇಗಕ್ಕಲ್ಲ. ಲೆಕ್ಕ ಸರಳ: ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ಅನ್ನು ಇಂಚಿನಲ್ಲಿರುವ ಟೈರಿನ ವ್ಯಾಸದಿಂದ ಗುಣಿಸಿ, ಅನುಪಾತ ಮತ್ತು 336ರ ಗುಣಲಬ್ಧದಿಂದ ಭಾಗಿಸಿದರೆ ಟಾಪ್ ಗೇರಿನಲ್ಲಿ ಗಂಟೆಗೆ ಎಷ್ಟು ಮೈಲಿ ಎಂಬುದು ಸಿಗುತ್ತದೆ. 28 ಇಂಚಿನ ಟೈರು, 5,000 ಆರ್‌ಪಿಎಂ, 4.11 ಅನುಪಾತಕ್ಕೆ ಬರುವ ಉತ್ತರ ಸುಮಾರು 101. ಅದೇ ಟೈರು ಮತ್ತು ಅದೇ ಆರ್‌ಪಿಎಂ ಇಟ್ಟುಕೊಂಡು 3.08 ಅನುಪಾತ ಹಾಕಿದರೆ ಸುಮಾರು 135. ಉಪ್ಪಿನ ಮೇಲೆ ಚಕ್ರಗಳು ಸದಾ ಸ್ವಲ್ಪ ಜಾರುತ್ತಲೇ ತಿರುಗುವುದರಿಂದ ಈ ಉತ್ತರದಲ್ಲಿ ಶೇಕಡ ಐದರಿಂದ ಹತ್ತನ್ನು ಕಳೆದುಕೊಂಡೇ ಯೋಜಿಸಬೇಕು. ಅಂದರೆ 130ರ ಗುರಿಗೆ 3.08 ಕೂಡ ಅಂಚಿನಲ್ಲಿದೆ. ಎಂಜಿನ್ 5,300ರವರೆಗೆ ಆರಾಮವಾಗಿ ತಿರುಗಬೇಕು, ಇಲ್ಲವೇ ಅನುಪಾತ ಇನ್ನೂ ಇಳಿಯಬೇಕು.

1954ರವರೆಗಿನ ಈ ಪಿಕಪ್‌ಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ತೆರೆದಿರುವುದಿಲ್ಲ, ಒಂದು ದಪ್ಪ ಕೊಳವೆಯೊಳಗೆ ಅಡಗಿರುತ್ತದೆ, ಮತ್ತು ಹಿಂದಿನ ಆಕ್ಸಲ್ಲಿನ ತಳ್ಳುವಿಕೆ ಆ ಕೊಳವೆಯ ಮೂಲಕವೇ ಗೇರ್‌ಬಾಕ್ಸಿಗೆ ತಲುಪುತ್ತದೆ. ಬರೀ ಆಕ್ಸಲ್ ಬದಲಿಸುತ್ತೇನೆ ಎಂದು ಹೊರಟವರು ಗೇರ್‌ಬಾಕ್ಸ್, ಅದರ ಮೌಂಟು, ಅಡ್ಡಪಟ್ಟಿ ಎಲ್ಲವನ್ನೂ ಬದಲಿಸಬೇಕಾಗಿ ಬಂದು ಬೆಚ್ಚಿಬೀಳುವುದು ಇಲ್ಲಿಯೇ. ತೆರೆದ ಶಾಫ್ಟ್ ಹಾಕಿದ ಮೇಲೆ ಅದು ಮುರಿದರೂ ನೆಲಕ್ಕೆ ಊರದಂತೆ ಉಕ್ಕಿನ ಬಳೆಗಳನ್ನು ಸುತ್ತ ಕಟ್ಟಬೇಕು. ಹಳೆಯ ಎರಕದ ಫ್ಲೈವೀಲ್ ಹೆಚ್ಚಿನ ಆರ್‌ಪಿಎಂಗೆ ಸಿಡಿಯಬಹುದು; ಪ್ರಮಾಣಿತ ಉಕ್ಕಿನ ಫ್ಲೈವೀಲ್ ಮತ್ತು ಕ್ಲಚ್ಚಿನ ಸುತ್ತ ಸಿಡಿತ ತಡೆಯುವ ಕವಚ ಎರಡೂ ಬೇಕು, ಏಕೆಂದರೆ ಅದು ತಿರುಗುವುದು ಚಾಲಕನ ಪಾದಗಳ ಪಕ್ಕದಲ್ಲಿ.

7. ಗಾಳಿ ಮತ್ತು ಭಾರ

ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಈ ಪಿಕಪ್ಪಿನ ಮುಂಭಾಗದ ವಿಸ್ತೀರ್ಣ 2.5 ಚದರ ಮೀಟರ್, ಡ್ರ್ಯಾಗ್ (ಗಾಳಿಯ ಎಳೆತ) ಗುಣಾಂಕ 0.55, ಭಾರ 2 ಟನ್ ಎಂದು ಹಿಡಿದು ಲೆಕ್ಕ ಹಾಕಿದರೆ, ಉಪ್ಪಿನ ಉರುಳು ಪ್ರತಿರೋಧವೂ ಸೇರಿ ಗಂಟೆಗೆ 100 ಮೈಲಿಗೆ ಚಕ್ರಗಳಲ್ಲಿ ಸುಮಾರು 110 ಅಶ್ವಶಕ್ತಿ ಬೇಕು. 130 ಮೈಲಿಗೆ ಅದು 220 ಆಗುತ್ತದೆ, 150 ಮೈಲಿಗೆ 320. ಇವು ಅಂದಾಜಿನ ಅಂಕಿಗಳು, ಆದರೆ ಪ್ರಮಾಣ ಸರಿಯಾಗಿದೆ. ನೂರು ಅಶ್ವಶಕ್ತಿ ಹೆಚ್ಚಿಸಲು ತಗಲುವ ಹಣದ ಒಂದಂಶದಲ್ಲಿ ಡ್ರ್ಯಾಗ್ ಇಳಿಸಬಹುದು.

ನಿಮ್ಮ ವರ್ಗದಲ್ಲಿ ಅನುಮತಿ ಇದ್ದರೆ ಮೊದಲು ಮಾಡಬೇಕಾದದ್ದು ತೊಟ್ಟಿಯ ಮುಚ್ಚಳ. ಅದಿಲ್ಲದಿದ್ದರೆ ಕ್ಯಾಬಿನ್ ದಾಟಿ ಕೆಳಕ್ಕಿಳಿಯುವ ಗಾಳಿ ತೊಟ್ಟಿಯೊಳಗೆ ಸುಳಿಯಾಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಎರಡನೆಯದು ಗಾಡಿಯ ಮುಂಭಾಗವನ್ನು ಹಿಂಭಾಗಕ್ಕಿಂತ ಸ್ವಲ್ಪ ತಗ್ಗಿಸಿ ನಿಲ್ಲಿಸುವುದು. ಮೂಗು ಮೇಲೆದ್ದ ಗಾಡಿಯ ಹೊಟ್ಟೆಯಡಿಗೆ ಗಾಳಿ ನುಗ್ಗಿದರೆ ಸ್ಟೀರಿಂಗ್ ಹಗುರಾಗುತ್ತದೆ. ಮೂರನೆಯದು ಗ್ರಿಲ್ಲಿನ ಹಿಂದೆ ಫಲಕ ಹಾಕಿ ಗಾಳಿ ತಡೆಯುವುದು. ಹಾಗಾದರೆ ಎಂಜಿನ್ ತಣಿಯುವುದು ಹೇಗೆ? ಓಟ ಕೆಲವೇ ನಿಮಿಷಗಳದ್ದಾದ್ದರಿಂದ ರೇಡಿಯೇಟರ್ ತೆಗೆದು, ತೊಟ್ಟಿಯಲ್ಲಿ ದೊಡ್ಡ ನೀರಿನ ಟ್ಯಾಂಕ್ ಇಟ್ಟು ಅದನ್ನೇ ಸುತ್ತಿಸಿದರೆ ಸಾಕಾಗುತ್ತದೆ. ಆ ನೀರು ಹಿಂದಿನ ಚಕ್ರಗಳಿಗೆ ಭಾರವೂ ಹೌದು.

ಭಾರದ ಮಾತು ಬಂದಾಗ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಸ್ಥಿತಿ ಎದುರಾಗುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಉಪ್ಪಿನ ಹಿಡಿತ ಟಾರಿಗಿಂತ ಬಹಳ ಕಡಿಮೆ. ಆದ್ದರಿಂದ ಹಿಂದೆ ಭಾರ ಹಾಕಬೇಕು. ಆದರೆ ಗಾಡಿಯ ಗುರುತ್ವ ಕೇಂದ್ರವು ಪಕ್ಕದ ಗಾಳಿ ಒತ್ತುವ ಕೇಂದ್ರಕ್ಕಿಂತ ಮುಂದೆ ಇದ್ದರೆ ಮಾತ್ರ ಅದು ಬಾಣದಂತೆ ನೇರ ಹೋಗುತ್ತದೆ. ಭಾರವನ್ನೆಲ್ಲ ಹಿಂಬಾಗಿಲಿಗೆ ಪೇರಿಸಿದರೆ ಬಾಲವೇ ಮುಂದಾಗಲು ಹವಣಿಸುತ್ತದೆ. ಉಕ್ಕಿನ ಫಲಕಗಳನ್ನು ಹಿಂದಿನ ಆಕ್ಸಲ್ಲಿನ ತುಸು ಮುಂದೆ, ಆದಷ್ಟು ಕೆಳಗೆ, ಚಾಸಿಸ್ಸಿಗೆ ಬೋಲ್ಟ್ ಮಾಡಿ ಕೂರಿಸುವುದೇ ನಡುದಾರಿ. ಮರಳು ಚೀಲ, ಕಟ್ಟಿದ ಸರಪಳಿ, ತೊಟ್ಟಿಯ ತಗಡಿಗೆ ತಿರುಪಿದ ಸೀಸ ಯಾವುದೂ ನಡೆಯದು. ಚಾಲಕನನ್ನು ಕೂರಿಸಿ, ನೀರು ಇಂಧನ ತುಂಬಿಸಿ, ನಾಲ್ಕೂ ತಕ್ಕಡಿಗಳ ಮೇಲೆ ಗಾಡಿ ನಿಲ್ಲಿಸಿ, ಎಡಬಲಗಳ ಭಾರ ಸಮವಾಗುವವರೆಗೆ ಫಲಕಗಳನ್ನು ಸರಿಸುತ್ತಿರಬೇಕು.

8. ಎಂಜಿನ್

1953ರವರೆಗಿನ ಈ ಪಿಕಪ್‌ಗಳಲ್ಲಿದ್ದ 216 ಘನ ಇಂಚಿನ ಸಿಕ್ಸ್ ಸಿಲಿಂಡರ್ ಎಂಜಿನ್ ಸುಮಾರು 90 ಅಶ್ವಶಕ್ತಿಯದು. ಅದರ ಕನೆಕ್ಟಿಂಗ್ ರಾಡ್‌ಗಳಿಗೆ ಎಣ್ಣೆ ತಲುಪುವುದು ಒತ್ತಡದಿಂದಲ್ಲ, ರಾಡ್‌ಗಳ ತುದಿಯ ಚಮಚಗಳು ಎಣ್ಣೆಯನ್ನು ಮೊಗೆದುಕೊಳ್ಳುವುದರಿಂದ. ನಿಮಿಷಗಟ್ಟಲೆ ಪೂರ್ತಿ ಥ್ರಾಟಲಿನ ಓಟಕ್ಕೆ ಅದು ಸಲ್ಲದು. 1954ರ 235 ಘನ ಇಂಚಿನ ಎಂಜಿನ್ನಿನಲ್ಲಿ ಪೂರ್ಣ ಒತ್ತಡದ ಎಣ್ಣೆ ವ್ಯವಸ್ಥೆ ಇದೆ. ಹಳೆಯ ಗುಂಪಿನಲ್ಲಿ ಓಡಬಯಸುವವರು ಅಲ್ಲಿಂದ ಆರಂಭಿಸಬಹುದು ಅಥವಾ ಜಿಎಂಸಿಯ 302 ಘನ ಇಂಚಿನ ಸಿಕ್ಸ್ ಹುಡುಕಬಹುದು. ಸರಳವಾಗಿ 130 ಮುಟ್ಟಬೇಕೆಂದಿದ್ದರೆ ಸಾಧಾರಣ ವಿ-8 ಸಾಕು.

ಬಾನವಿಲ್ ಸಮುದ್ರಮಟ್ಟದಿಂದ ಸುಮಾರು 4,200 ಅಡಿ ಎತ್ತರದಲ್ಲಿದೆ. ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಇಳಿಯುತ್ತದೆ, ಆಗಸ್ಟ್ ತಿಂಗಳ ಬಿಸಿಲಿಗೆ ಇನ್ನಷ್ಟು. ಊರಿನ ಡೈನೋದಲ್ಲಿ (ಶಕ್ತಿ ಅಳೆಯುವ ಯಂತ್ರದಲ್ಲಿ) ಸಿಕ್ಕ 260 ಅಶ್ವಶಕ್ತಿ ಅಲ್ಲಿ 220ರ ಆಸುಪಾಸಿಗೆ ಬರುತ್ತದೆ. ತೆಳುಗಾಳಿಯಲ್ಲಿ ಕಾರ್ಬ್ಯುರೇಟರ್ ಮಿಶ್ರಣ ಗಟ್ಟಿಯಾಗುವುದರಿಂದ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಹೆಚ್ಚುವುದರಿಂದ, ಸಣ್ಣ ಜೆಟ್ (ಇಂಧನ ಹರಿಯುವ ರಂಧ್ರ) ಬೇಕಾಗುತ್ತದೆ, ಆದರೆ ಆತುರಪಡಬಾರದು: ಗಟ್ಟಿ ಮಿಶ್ರಣ ಕೆಲವು ಮೈಲಿ ವೇಗ ಕಳೆಯುತ್ತದೆ, ತೆಳು ಮಿಶ್ರಣ ಪಿಸ್ಟನ್ನನ್ನೇ ಕರಗಿಸುತ್ತದೆ. ವೇಗ ಅಳೆಯುವ ಮೈಲಿ ಮುಗಿದ ಕೂಡಲೇ ಕ್ಲಚ್ ಒತ್ತಿ, ಇಗ್ನಿಷನ್ ಆಫ್ ಮಾಡಿ, ಗಾಡಿ ತಾನಾಗಿ ನಿಂತ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಬಿಳಿ ಪಿಂಗಾಣಿಯ ಮೇಲೆ ಅಲ್ಯುಮಿನಿಯಂ ಚುಕ್ಕೆಗಳು ಕಂಡರೆ ಆ ದಿನದ ಓಟ ಅಲ್ಲಿಗೆ ನಿಲ್ಲಲಿ.

9. ಬೆಂಕಿ, ಸ್ವಿಚ್ಚು, ಪ್ಯಾರಾಚೂಟು

ಕ್ಯಾಬಿನ್ ಮತ್ತು ಎಂಜಿನ್ ಎರಡಕ್ಕೂ ತಲುಪುವ ಬೆಂಕಿ ನಂದಿಸುವ ವ್ಯವಸ್ಥೆ, ಹೊರಗಿನವರೂ ಎಳೆಯಬಲ್ಲ ವಿದ್ಯುತ್ ಕಡಿತದ ಸ್ವಿಚ್, ಚಾಲಕನ ಕೈಗೆಟಕುವ ಇಂಧನ ತಡೆ, ಕಿಟಕಿಗೆ ಬಲೆ, ತೋಳುಗಳು ಹೊರಚಾಚದಂತೆ ಪಟ್ಟಿ, ಇವೆಲ್ಲ ಬೇಕು. 1949ರಿಂದ ತಯಾರಾದ ಈ ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಆಸನದ ಹಿಂದೆ ಕ್ಯಾಬಿನ್ನಿನೊಳಗೇ ಇರುತ್ತದೆ. ಅದನ್ನು ಮರುಮಾತಿಲ್ಲದೆ ತೆಗೆದು, ಪ್ರಮಾಣಿತ ಟ್ಯಾಂಕನ್ನು ತೊಟ್ಟಿಯಲ್ಲಿ, ನಡುವೆ ಉಕ್ಕಿನ ಗೋಡೆ ಇಟ್ಟು ಕೂರಿಸಬೇಕು.

ಗಂಟೆಗೆ 175 ಮೈಲಿಗಿಂತ ಕೆಳಗಿನ ಓಟಕ್ಕೆ ಪ್ಯಾರಾಚೂಟ್ ಅಗತ್ಯವಿಲ್ಲದಿದ್ದರೂ, ಅದರ ಹಿಡಿಕೆಗೆ ಚಾಸಿಸ್ಸಿನಲ್ಲಿ ಈಗಲೇ ಜಾಗ ಮಾಡಿಡುವುದು ಜಾಣತನ. ಅದರ ಎಳೆತ ಗುರುತ್ವ ಕೇಂದ್ರದ ಎತ್ತರದಲ್ಲಿರಬೇಕು; ಮೇಲಿದ್ದರೆ ಮೂಗು ಏಳುತ್ತದೆ, ಕೆಳಗಿದ್ದರೆ ಬಾಲ ಏಳುತ್ತದೆ.

10. ಉಪ್ಪಿನ ಮೇಲೆ

ಮನೆಯಲ್ಲಿಯೇ ಒಂದು ಅಭ್ಯಾಸ ಮುಗಿಸಿಕೊಂಡಿರಬೇಕು: ಪೂರ್ತಿ ಉಡುಪಿನಲ್ಲಿ, ಬೆಲ್ಟು ಬಿಗಿದು, ಕಣ್ಣು ಮುಚ್ಚಿಕೊಂಡು, ಯಾರ ನೆರವೂ ಇಲ್ಲದೆ ಹೊರಬರುವುದು. ತಪಾಸಕರು ಇದನ್ನು ಮಾಡಿ ತೋರಿಸಲು ಹೇಳುತ್ತಾರೆ. ಹೊಸ ಚಾಲಕರಿಗೆ ಪರವಾನಗಿ ಹಂತಹಂತವಾಗಿ ಸಿಗುವುದರಿಂದ ಮೊದಲ ದಿನವೇ ಪೂರ್ತಿ ವೇಗದ ಆಸೆ ಬೇಡ. ಮಳೆನೀರು ನಿಂತು ಸ್ಪೀಡ್ ವೀಕ್ ರದ್ದಾಗುವುದೂ ಉಂಟು. 2014, 2015 ಮತ್ತು 2022ರಲ್ಲಿ ಹಾಗಾಯಿತು.

ದಾಖಲೆಗೆ ಒಂದು ಓಟ ಸಾಲದು. ಮೊದಲ ಓಟ ಹಳೆಯ ದಾಖಲೆಯನ್ನು ಮೀರಿದರೆ ಗಾಡಿ ಕಾವಲಿನ ಆವರಣಕ್ಕೆ ಹೋಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಓಡಿ, ಎರಡರ ಸರಾಸರಿ ಹಳೆಯದನ್ನು ಮೀರಬೇಕು. ಹಾಗಾಗಿ ಒಂದೇ ಓಟಕ್ಕೆ ಎಂಜಿನ್ನಿನ ಪ್ರಾಣ ಹಿಂಡುವ ಟ್ಯೂನಿಂಗ್ ಉಪಯೋಗಕ್ಕೆ ಬಾರದು.

ಓಡುವಾಗ ಗಮನಿಸಬೇಕಾದ ಸೂಚನೆಗಳು ಕೆಲವೇ. ಆರ್‌ಪಿಎಂ ಏರುತ್ತಿದ್ದರೂ ವೇಗ ಏರದಿದ್ದರೆ ಚಕ್ರ ಜಾರುತ್ತಿದೆ. ಆಗ ಥ್ರಾಟಲ್ ಸ್ವಲ್ಪ ಬಿಟ್ಟರೆ ಗಾಡಿ ಮುಂದೆ ಹೋಗುತ್ತದೆ, ಒತ್ತಿದರೆ ಪಕ್ಕಕ್ಕೆ ಹೋಗುತ್ತದೆ. ಎರಡನೆಯ ಓಟದಲ್ಲಿ ಇದ್ದಕ್ಕಿದ್ದಂತೆ ನಡುಕ ಶುರುವಾದರೆ ಮೊದಲು ಚಕ್ರದ ಒಳಬದಿಯಲ್ಲಿ ಮೆತ್ತಿಕೊಂಡ ಉಪ್ಪನ್ನು ಕೆರೆಯಿರಿ, ಆಮೇಲೆ ಬ್ಯಾಲೆನ್ಸಿಂಗ್ ಬಗ್ಗೆ ಯೋಚಿಸಿ. ಸ್ಟೀರಿಂಗ್ ಹಗುರಾಗಿ ತೇಲಿದಂತಾದರೆ ಓಟ ಬಿಟ್ಟುಕೊಟ್ಟು ಬಂದು ಮುಂಭಾಗದ ಎತ್ತರ ಮತ್ತು ಭಾರ ನೋಡಬೇಕು. ಬಾಲ ಪಕ್ಕಕ್ಕೆ ಸರಿಯಲು ಆರಂಭಿಸಿದರೆ ಬ್ರೇಕ್ ಮುಟ್ಟಬಾರದು. ಥ್ರಾಟಲ್ ಬಿಟ್ಟು, ಪ್ಯಾರಾಚೂಟ್ ಇದ್ದರೆ ತಡಮಾಡದೆ ಎಳೆದು, ಸ್ಟೀರಿಂಗನ್ನು ಮೃದುವಾಗಿ ಮಾತ್ರ ತಿದ್ದಬೇಕು.

11. ತೊಳೆಯುವುದು

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಗಾಡಿಯೂ ಅಷ್ಟೇ. ವೆಂಡೋವರ್ ಊರಿನಲ್ಲಿ ಗಾಡಿ ತೊಳೆಸಿದರೆ ಅರ್ಧ ಕೆಲಸವಾಯಿತು. ಮನೆಗೆ ಬಂದ ಮೇಲೆ ತೊಟ್ಟಿ, ಚಕ್ರ, ಬ್ರೇಕ್ ಡ್ರಮ್ ಎಲ್ಲ ಬಿಚ್ಚಿ, ಚಾಸಿಸ್ಸಿನ ಒಳಸಂದುಗಳಿಗೆ ನೀರಿನ ಪೈಪ್ ತೂರಿಸಿ, ಹೊರಬರುವ ನೀರು ನಾಲಿಗೆಗೆ ಉಪ್ಪೆನಿಸದವರೆಗೆ ತೊಳೆಯಬೇಕು. ವೈರಿಂಗ್ ಕನೆಕ್ಟರುಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿ ಗ್ರೀಸ್ ಹಚ್ಚಬೇಕು. ಎರಡು ವಾರಗಳ ನಂತರ ಮತ್ತೊಮ್ಮೆ ನೋಡಿದರೆ, ಬಿಳಿ ಪುಡಿ ಎಲ್ಲೆಲ್ಲಿ ಹೊಸದಾಗಿ ಹೊರಬಂದಿದೆಯೋ ಅಲ್ಲೆಲ್ಲ ಇನ್ನೊಂದು ಸುತ್ತು ತೊಳೆಯುವ ಕೆಲಸ ಉಳಿದಿರುತ್ತದೆ.